ಉಪ್ಪಿಲ್ಲದ ಬಿಸ್ಕತ್ತು

ನಮ್ಮಮ್ಮ ಕಾಮಾಲೆಗೆ ಸೊಪ್ಪು ಕೊಡುತ್ತಿದ್ದಳು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ ಹೋಗುವ ಬಸ್ಸಿನಲ್ಲಿ ಕೂತು “ಸೊಪ್ಪು ಕೊಡೋ ಅಮ್ಮನ ಮನೆ ಎಲ್ಲಿ ಬರುತ್ತೆ” ಅಂತ ಕೇಳಿದರೆ ಸಾಕು, ಕಂಡಕ್ಟರೇ ನಮ್ಮ ತೆಂಗಿನ ತೋಟದ ಮುಂದೆ ಇಳಿಸಿಬಿಡುತ್ತಿದ್ದ. ತೋಟದ ಬದುವಿನಲ್ಲಿ ತಾನೇ ತಾನಾಗಿ ಬೆಳೆಯುವ ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು, ತೊಳೆದು, ಅರೆದು, ಮಜ್ಜಿಗೆಯಲ್ಲಿ ಕದಡಿ ಬೆಳಗ್ಗೆ ಬರಿ ಹೊಟ್ಟೆಗೆ ಕುಡಿಸುವುದು. ಔಷಧಿ ಅಂದರೆ ಅಷ್ಟೇ. ಆದರೆ ಅಮ್ಮನಿಗೆ ಔಷಧಿಗಿಂತ ಪಥ್ಯ ದೊಡ್ಡದು. ಉಪ್ಪು, ಹುಳಿ, ಖಾರ, ಎಣ್ಣೆ ಯಾವುದೂ ನಾಲಿಗೆಗೆ ಸೋಕಬಾರದು. “ಸೊಪ್ಪು ಅರ್ಧ ಕೆಲ್ಸ ಮಾಡುತ್ತೆ, ಮಿಕ್ಕಿದ್ದು ನಿನ್ನ ನಾಲಿಗೆ ಮಾಡ್ಬೇಕು” ಅನ್ನುತ್ತಿದ್ದಳು. ಒಬ್ಬ ಪಟೇಲರು ಕದ್ದು ಉಪ್ಪಿನಕಾಯಿ ನೆಕ್ಕಿದ್ದು ಅವರ ಹೆಂಡತಿಯ ಬಾಯಿಂದ ಗೊತ್ತಾಗಿ, ಮುಂದಿನ ಸಲ ಬಂದಾಗ ಅವರನ್ನು ಜಗಲಿ ಹತ್ತಲು ಬಿಟ್ಟಿರಲಿಲ್ಲ. ಅಮ್ಮನ ಆ ಕೋಪ ಹಾಗೇ ನನಗೆ ಬಂದಿದೆ, ಅವಳ ತಾಳ್ಮೆ ಮಾತ್ರ ಬರಲಿಲ್ಲ.

ತಾಳ್ಮೆಯೂ ಇಲ್ಲದೆ ಕೋಪವೂ ಇಲ್ಲದೆ ಬರೀ ಬಾಯಿ ಬಂದದ್ದು ನಮ್ಮಣ್ಣಯ್ಯನಿಗೆ. ಅಪ್ಪ ಇದ್ದಾಗಲೇ ಅವನು ತೋಟ, ಹೊಲದ ಕೆಲಸವನ್ನೆಲ್ಲ ಚಿಕ್ಕಪ್ಪನಿಗೆ ಬಿಟ್ಟು ತುಮಕೂರಿಗೆ ಹೋಗಿ, ಶಿರಾ ಗೇಟ್ ಹತ್ತಿರ ಹಿಂಡಿ, ಬೂಸದ ಅಂಗಡಿ ಹಾಕಿದ್ದ. ಹಿಂದುಗಡೆ ಒಂದು ಚಿಕ್ಕ ಗಿರಣಿ, ಅದರ ಪಕ್ಕ ತಗಡಿನ ಗೋಡೌನು. ಹಸು ಕಟ್ಟಿದವರು, ಕೋಳಿ ಸಾಕಿದವರು ಎಲ್ಲ ಅವನ ಗಿರಾಕಿಗಳು. ಅಂಗಡಿಗೆ ಬಂದವರನ್ನು ಅವನು ಸುಮ್ಮನೆ ಕಳಿಸುತ್ತಲೇ ಇರಲಿಲ್ಲ, ಹಸುವಿನ ಸುಖದುಃಖ ವಿಚಾರಿಸಿ, ಟೀ ಕುಡಿಸಿಯೇ ಕಳಿಸುತ್ತಿದ್ದ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತುಮಕೂರಿನಲ್ಲಿ ನಾಯಿ ಸಾಕುವ ಶೋಕಿ ಶುರುವಾಯಿತು. ಲಾಯರುಗಳು, ಇಂಜಿನಿಯರುಗಳು, ಮಿಲ್ಲಿನ ಯಜಮಾನರು ಆಲ್ಸೇಷಿಯನ್ನು, ಪಾಮೇರಿಯನ್ನು ಅಂತ ತಂದು ಗೇಟಿಗೆ ಬೋರ್ಡು ಹಾಕಿಸಿಕೊಂಡರು. ಆ ನಾಯಿಗಳಿಗೆ ಮುದ್ದೆ ಹಾಕಿದರೆ ಮರ್ಯಾದೆ ಕಮ್ಮಿ. ಬೆಂಗಳೂರಿಗೆ ಹೋದವರ ಕೈಲಿ ನಾಯಿ ಬಿಸ್ಕತ್ತು ತರಿಸುತ್ತಿದ್ದರು. ಯಾರೋ ಗಿರಾಕಿ ಅಂಥ ಒಂದು ಪೊಟ್ಟಣ ತೋರಿಸಿದಾಗ ಅಣ್ಣಯ್ಯ ಒಂದು ಬಿಸ್ಕತ್ತು ಮುರಿದು ಮೂಸಿ ನೋಡಿ, “ಇದ್ರಲ್ಲಿ ಇನ್ನೇನಿದೆ ಸಾರ್, ಹಿಂಡಿ, ಬೂಸ, ಮೀನು. ನಾನೇ ಮಾಡ್ತೀನಿ ಬುಡಿ” ಅಂದನಂತೆ. ಅಂದವನು ಮಾಡಿಯೂ ಬಿಟ್ಟ. ಕಡಲೆಕಾಯಿ ಹಿಂಡಿ, ಗೋಧಿ ಬೂಸ, ಜೋಳದ ನುಚ್ಚು, ವಾಸನೆಗೆ ಒಣಮೀನಿನ ಪುಡಿ, ರುಚಿಗೆ ಬೆಲ್ಲ. ಪಕ್ಕದ ಬೇಕರಿಯಲ್ಲಿ ಬ್ರೆಡ್ಡು ತೆಗೆದ ಮೇಲೆ ಭಟ್ಟಿ ಆರುವ ಮುಂಚೆ ಇದನ್ನು ತಳ್ಳಿ ಬೇಯಿಸಿಕೊಳ್ಳುತ್ತಿದ್ದ. ಪೊಟ್ಟಣದ ಮೇಲೂ ಅಂಗಡಿಯ ಬೋರ್ಡಿನ ಮೇಲೂ ಆಲ್ಸೇಷಿಯನ್ ಚಿತ್ರ. ಬರೆದ ಪೇಂಟರು ನಾಯಿಗಿಂತ ನರಿಯನ್ನೇ ಹೆಚ್ಚು ನೋಡಿದ್ದ ಅಂತ ಕಾಣುತ್ತೆ. ಕೆಳಗೆ ದಪ್ಪ ಅಕ್ಷರದಲ್ಲಿ “ಉಪ್ಪಿಲ್ಲದ್ದು” ಅಂತ. ಉಪ್ಪು ತಿಂದರೆ ನಾಯಿಗೆ ಕೂದಲು ಉದುರುತ್ತೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದರು. ಆ ಒಂದು ಮಾತಿಗೇ ಅವನ ಬಿಸ್ಕತ್ತು ಗುಬ್ಬಿ, ಕುಣಿಗಲ್ಲಿನವರೆಗೂ ಓಡಿತು.

ನಾನು ಆಗ ಗುಬ್ಬಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರು. ನನ್ನ ಹತ್ತಿರ ನಾಯಿ ಇರಲಿಲ್ಲ. ಊರಿನಲ್ಲಿ ಅಮ್ಮನ ಹತ್ತಿರ ಇತ್ತು. ಅದು ಅಪ್ಪನ ನಾಯಿ, ಕಂದು ಬಣ್ಣದ ನಾಟಿ ನಾಯಿ. ಅಪ್ಪ ತೀರಿಕೊಂಡ ಮೇಲೆ ದಿನಾ ಬೆಳಗ್ಗೆ ತಾನೊಂದೇ ತೋಟ ಸುತ್ತಿ ಬಂದು ಜಗಲಿಯ ಕಂಬದ ಬುಡದಲ್ಲಿ ಮಲಗುತ್ತಿತ್ತು. ಅಪ್ಪ ಒರಗಿ ಕೂರುತ್ತಿದ್ದ ಕಂಬ ಅದು. ಅಮ್ಮ ಅದನ್ನು ಮುದ್ದು ಮಾಡಿದ್ದು ನಾನು ನೋಡಿಲ್ಲ, ಆದರೆ ಅದು ಉಣ್ಣದೆ ಅವಳು ಉಂಡಿದ್ದೂ ನೋಡಿಲ್ಲ. ಅಣ್ಣಯ್ಯ ಊರಿಗೆ ಬಂದಾಗಲೆಲ್ಲ ಮುರಿದುಹೋದ ಬಿಸ್ಕತ್ತುಗಳನ್ನು ಚೀಲದಲ್ಲಿ ತುಂಬಿ ತರುತ್ತಿದ್ದ. ನಾಟಿ ನಾಯಿಗೂ ಸಾಹೇಬರ ನಾಯಿಯ ಯೋಗ ಬಂತು ಅಂತ ಚಿಕ್ಕಮ್ಮ ನಗುತ್ತಿದ್ದಳು. ಅಮ್ಮ ಮಾತ್ರ ನಗುತ್ತಿರಲಿಲ್ಲ. ಮಗ ಮಾಡಿದ್ದು ಅಂತ ಆ ಚೀಲವನ್ನು ಇಲಿ ಮುಟ್ಟದ ಹಾಗೆ ನೆಲುವಿನ ಮೇಲೆ ಇಡುತ್ತಿದ್ದಳು.

ಒಂದು ವರ್ಷ ಕಡಲೆಕಾಯಿ ಕೀಳುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಅದಾಗಿ ಕೆಲವು ತಿಂಗಳಿಗೆ ತುಮಕೂರಿನ ನಾಯಿಗಳಿಗೆ ಕಾಯಿಲೆ ಬಂತು. ಊಟ ಬಿಡುವುದು, ವಾಂತಿ, ಕಣ್ಣಿನ ಬಿಳಿ ಅರಿಶಿನದ ಬಣ್ಣಕ್ಕೆ ತಿರುಗುವುದು. ಅಂಗಡಿಗೆ ಬಂದು ಹೇಳಿಕೊಂಡವರಿಗೆ ಅಣ್ಣಯ್ಯ, “ಅದು ಕಾಮಾಲೆ ಸಾರ್. ನಮ್ಮಮ್ಮ ಸೊಪ್ಪು ಕೊಡ್ತಾರೆ, ಮನುಷ್ಯರಿಗೆ ಆಗೋದು ನಾಯಿಗಾಗಲ್ವಾ” ಅಂತ ಊರಿಗೆ ಕಳಿಸತೊಡಗಿದ. ಮೊದಲನೆಯ ನಾಯಿ ಬಂದಾಗ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳಂತೆ. ಆಮೇಲೆ ಅದರ ಕಣ್ಣು ನೋಡಿ ಸುಮ್ಮನಾಗಿ ಸೊಪ್ಪು ಕೀಳಲು ಎದ್ದಳಂತೆ.

ತೊಡಕು ಬಂದದ್ದು ಪಥ್ಯಕ್ಕೆ. ಉಪ್ಪು ಹಾಕದ ಬರೀ ಮುದ್ದೆಯನ್ನು ಯಾವ ನಾಯಿಯೂ ಮೂಸುತ್ತಿರಲಿಲ್ಲ. ಅಣ್ಣಯ್ಯನೇ ದಾರಿ ತೋರಿಸಿದ. “ನಮ್ಮ ಬಿಸ್ಕತ್ತೇ ಇದ್ಯಲ್ಲಮ್ಮ. ಉಪ್ಪಿಲ್ಲ, ಹುಳಿಯಿಲ್ಲ, ಖಾರ ಇಲ್ಲ, ಎಣ್ಣೆನೆಲ್ಲ ಹಿಂಡಿ ತೆಗ್ದಿರೋ ಹಿಂಡಿ.” ಅಮ್ಮನಿಗೆ ಇದಕ್ಕಿಂತ ಸಂತೋಷದ ಮಾತು ಇರಲಿಲ್ಲ. ಔಷಧಿ ತಾಯಿಯದು, ಪಥ್ಯ ಮಗನದು. ಬಂದವರಿಗೆಲ್ಲ ಅವಳು ಕಟ್ಟುನಿಟ್ಟಾಗಿ ಹೇಳಿ ಕಳಿಸಿದಳು: ಬಿಸ್ಕತ್ತು ಬಿಟ್ಟು ಬೇರೆ ಏನೂ ಹಾಕಬೇಡಿ, ಒಂದು ಅಗಳೂ ಹಾಕಬೇಡಿ.

ಆಮೇಲೆ ಅಪ್ಪನ ನಾಯಿಯ ಕಣ್ಣೂ ಹಳದಿಯಾಯಿತು. ನಾನು ಆ ವಾರ ರಜ ಹಾಕಿ ಊರಿಗೆ ಬಂದಿದ್ದೆ. ಅಮ್ಮ ಬೇರೆಯವರ ನಾಯಿಗೆ ಹೇಳಿದ ಪಥ್ಯವನ್ನು ತನ್ನ ನಾಯಿಗೆ ಇನ್ನೂ ಬಿಗಿ ಮಾಡಿದಳು. ಎಲ್ಲಾದರೂ ಎಂಜಲೆಲೆ ನೆಕ್ಕೀತು ಅಂತ ಹುಟ್ಟಿದ ಮೇಲೆ ಹಗ್ಗ ಕಾಣದ ನಾಯಿಯನ್ನು ಅದೇ ಕಂಬಕ್ಕೆ ಕಟ್ಟಿದಳು. ಬಿಸ್ಕತ್ತನ್ನು ನೀರಲ್ಲಿ ನೆನೆಸಿ, ಕೈಯಾರೆ ಬಾಯಿಗೆ ಇಡುತ್ತಿದ್ದಳು. ಒಂದು ಮಧ್ಯಾಹ್ನ ನಾವು ಉಣ್ಣುವಾಗ ಅದು ನಮ್ಮ ತಟ್ಟೆಗಳನ್ನೇ ನೋಡುತ್ತಿತ್ತು. ಚಿಕ್ಕಮ್ಮ ತಡೆಯಲಾರದೆ ಹುರುಳಿಕಾಳಿನ ಸಾರಲ್ಲಿ ಅದ್ದಿದ ಒಂದು ತುಂಡು ಮುದ್ದೆ ಹಾಕಿದಳು. ಎಷ್ಟೋ ದಿನದ ಮೇಲೆ ಅದು ಬಾಲ ಆಡಿಸಿ ಬಾಯಿ ಹಾಕಿತು. ಅಮ್ಮ ಉಣ್ಣುವ ಕೈಯಲ್ಲೇ ಎದ್ದು ಹೋಗಿ, ಅದರ ದವಡೆ ಬಿಡಿಸಿ, ಮುದ್ದೆಯನ್ನು ಹೊರಕ್ಕೆ ತೆಗೆದು ಬಿಸಾಕಿದಳು. ನಾಯಿ ಅವಳನ್ನು ಕಚ್ಚಲಿಲ್ಲ, ಗುರ್ ಅನ್ನಲೂ ಇಲ್ಲ. ನಾಲ್ಕೈದು ದಿನಕ್ಕೆ ಅದೇ ಕಂಬದ ಬುಡದಲ್ಲಿ ಸತ್ತುಹೋಯಿತು.

ಅಮ್ಮ ಅತ್ತಳು. ಅಪ್ಪ ಹೋದಾಗ ಜನದ ಮುಂದೆ ಅಳು ನುಂಗಿಕೊಂಡಿದ್ದವಳು ನಾಯಿಗೆ ಅತ್ತಳು.

ನಾಯಿಗಳು ಒಂದಾದ ಮೇಲೊಂದು ಸತ್ತವು. ಒಂದು ಶನಿವಾರ ಮಾರ್ನಿಂಗ್ ಸ್ಕೂಲು ಮುಗಿಸಿ ನಾನು ಗುಬ್ಬಿಯಿಂದ ಬಸ್ಸು ಹತ್ತಿ ಶಿರಾ ಗೇಟಿನಲ್ಲಿ ಇಳಿದರೆ ಅಂಗಡಿ ಮುಂದೆ ಜನ ಸೇರಿದ್ದರು. ಒಬ್ಬರು ಪೊಟ್ಟಣ ಹಿಡಿದುಕೊಂಡು, ಇದನ್ನು ತಿಂದೇ ನಮ್ಮ ನಾಯಿ ಸತ್ತದ್ದು ಅಂತ ಕೂಗಾಡುತ್ತಿದ್ದರು. ಅಣ್ಣಯ್ಯ ಮೆಟ್ಟಿಲ ಮೇಲೆ ನಿಂತು ಅವರ ಕೈಯಿಂದಲೇ ಒಂದು ಬಿಸ್ಕತ್ತು ಇಸಕೊಂಡು ಕಟಕಟ ಕಡಿದು ತಿಂದ. “ನೋಡಿ, ನಾನೇ ತಿಂತಾ ಇದೀನಿ. ನಂಗೇನಾಯ್ತು? ನೀವು ಊರಿಗೆ ಹೋಗಿ ಸೊಪ್ಪು ಕುಡ್ಸಿದ್ರೋ ಇಲ್ವೋ ಹೇಳಿ. ಹಳ್ಳಿ ಔಷಧಿ ಸಾರ್, ನಾಯಿಗೆ ಆಗ್ಬಂದಿಲ್ಲ. ನಮ್ಮಮ್ಮ ವಯಸ್ಸಾದೋರು, ಅವ್ರಿಗೆ ಏನ್ ಹೇಳಕ್ಕಾಗುತ್ತೆ?”

ಸೊಪ್ಪಿಗೆ ಅಂತ ಜನರನ್ನು ಊರಿಗೆ ಅಟ್ಟಿದವನು ಇವನೇ. ನಾನು ಮುಂದೆ ಹೋಗುವಷ್ಟರಲ್ಲಿ ಜನ ಗೊಣಗುತ್ತಾ ಚದುರಿದ್ದರು. ಆ ಮಾತು ಮಾತ್ರ ಚದುರಲಿಲ್ಲ, ಅದೇ ಸಂಜೆಯ ಬಸ್ಸಿಗೆ ಊರು ಮುಟ್ಟಿತು. ಮಾರನೆಯ ದಿನ ಸೊಪ್ಪಿಗೆ ಬಂದವರನ್ನು ಅಮ್ಮ ಜಗಲಿಯಿಂದಲೇ ವಾಪಸ್ಸು ಕಳಿಸಿದಳು. ಮನುಷ್ಯರಿಗೂ ಕೊಡಲಿಲ್ಲ.

ಅವಳ ಮೇಲೆ ಬಿದ್ದ ಆ ಮಾತನ್ನು ತೊಳೆಯಬೇಕು ಅನ್ನುವುದು ನನಗೆ ಹಟವಾಗಿ ಹಿಡಿಯಿತು. ಹೈಸ್ಕೂಲು ಮಕ್ಕಳಿಗೆ ವರ್ಷಾ ವರ್ಷಾ ಹೇಳಿಕೊಡುತ್ತಿದ್ದೆ: ಎರಡು ಕಾರಣ ಕಂಡರೆ ಒಂದನ್ನು ತೆಗೆದು ನೋಡಿ. ಅದನ್ನೇ ಮಾಡಲು ಹೊರಟೆ. ಮೊದಲು ದನದ ಆಸ್ಪತ್ರೆಯ ಡಾಕ್ಟರನ್ನು ಕಂಡೆ. ಸತ್ತ ಒಂದು ನಾಯಿಯನ್ನು ಅವರು ಕೊಯ್ದು ನೋಡಿದ್ದರಂತೆ. “ಲಿವರ್ರು ಹಾಳಾಗೋಗಿತ್ತಮ್ಮ. ಹಿಂಡಿಗೆ ಬೂಷ್ಟು ಹಿಡಿದಿದ್ರೆ ಹಿಂಗಾಗುತ್ತೆ. ಆ ವಿಷ ಬೇಯಿಸಿದ್ರೂ ಹೋಗಲ್ಲ. ಒಂದೇ ದಿನಕ್ಕೆ ಏನೂ ಮಾಡಲ್ಲ, ದಿನಾ ತಿಂದ್ರೆ ಕೊಲ್ಲುತ್ತೆ” ಅಂದರು. ಸೊಪ್ಪಿನಿಂದ ಆಗಿರಬಹುದಾ ಅಂತ ಕೇಳಿದೆ. “ಸೊಪ್ಪಿನ ವಿಷಯ ನಂಗೆ ಗೊತ್ತಿಲ್ಲ. ಬಿಸ್ಕತ್ತಿಂದಲೇ ಅಂತ ಬರ್ದು ಕೊಡಕ್ಕೂ ಆಗಲ್ಲ” ಅಂದುಬಿಟ್ಟರು. ಒಳ್ಳೆಯ ಮನುಷ್ಯರೇ, ಆದರೆ ನೌಕರಿಯ ಮನುಷ್ಯರು.

ಭಾನುವಾರಗಳಲ್ಲಿ ಕೊಡೆ ಹಿಡಿದುಕೊಂಡು ನಾಯಿ ಇದ್ದ ಮನೆಗಳಿಗೆ ಹೋದೆ. ನಾಯಿ ಸತ್ತ ಮನೆಗೆ ಹೋಗಿ ಅದು ಏನು ತಿನ್ನುತ್ತಿತ್ತು ಅಂತ ಕೇಳುವುದು ಸುಲಭದ ಕೆಲಸವಲ್ಲ. ಕೆಲವರು ಅತ್ತರು, ಕೆಲವರು ನಾನು ಯಾರ ತಂಗಿ ಅಂತ ಗೊತ್ತಾಗಿ ಬಾಗಿಲು ಹಾಕಿಕೊಂಡರು. ಆದರೂ ಒಂದು ವಿಷಯ ಹೋದಲ್ಲೆಲ್ಲ ಎದುರಾಯಿತು, ಅದರಿಂದ ನನ್ನ ಎದೆ ಒಡೆಯಿತು. ಅಮ್ಮ ಹೇಳಿದ ಹಾಗೆ ಚಾಚೂ ತಪ್ಪದೆ ನಡೆದುಕೊಂಡವರ ನಾಯಿಗಳೇ ಸತ್ತಿದ್ದವು. ಅವಳ ಮಾತು ಕೇಳದ ಸೋಮಾರಿಗಳ ನಾಯಿಗಳು ಬೀದಿಯಲ್ಲಿ ಓಡಾಡಿಕೊಂಡಿದ್ದವು. ಅಣ್ಣಯ್ಯ ಹೇಳಿದ್ದೇ ನಿಜವೇನೋ ಅಂತ ಆ ದಿನಗಳಲ್ಲಿ ನನಗೆ ಭಯವಾಗಿತ್ತು.

ಭಯ ಬಿಡಿಸಿದ್ದು ಎರಡು ಮನೆಗಳು. ಒಂದು ಗುಬ್ಬಿಯಲ್ಲೇ, ರೈಲ್ವೆ ಗೇಟಿನ ಆಚೆ, ಹಾಲು ಮಾರುವ ಹೆಂಗಸಿನ ಮನೆ. ಅವಳ ನಾಯಿಗೂ ಕಾಮಾಲೆ ಆಗಿತ್ತು. ಅವಳು ಅದನ್ನು ಅಮ್ಮನ ಹತ್ತಿರ ಕರೆದುಕೊಂಡು ಹೋಗಿ, ಹೇಳಿದಷ್ಟು ದಿನ ಸೊಪ್ಪನ್ನೂ ಕುಡಿಸಿದ್ದಳು. ನಾಯಿ ಅಲ್ಲೇ ಗಟ್ಟಿಮುಟ್ಟಾಗಿ ನಿಂತು ನನ್ನ ಚಪ್ಪಲಿ ಮೂಸುತ್ತಿತ್ತು. ಪಥ್ಯ ಮಾಡಿಸಿದ್ರಾ ಅಂತ ಕೇಳಿದೆ.

“ನಾಯಿಗೆಂಥ ಪಥ್ಯ ಮೇಡಂ?” ಅಂತ ಅವಳು ನಕ್ಕಳು. “ಆ ಬಿಸ್ಕತ್ತು ಮುಗ್ದೋಯ್ತು, ಮತ್ತೆ ತರಕ್ಕೆ ಯಾರ್ ಹೋಗ್ತಾರೆ? ಉಪ್ಸಾರು ಮುದ್ದೆ ಹಾಕ್ದೆ. ನಿಮ್ಮಮ್ಮನಿಗೆ ಹೇಳ್ಬೇಡಿ ಮತ್ತೆ, ಬೈತಾರೆ.”

ಇನ್ನೊಂದು ಮನೆ ತುಮಕೂರಿನಲ್ಲಿ, ರಿಟೈರಾದ ಒಬ್ಬ ಇಂಜಿನಿಯರದು. ಅವರ ಆಲ್ಸೇಷಿಯನ್ ಸತ್ತಿತ್ತು. ಹಳ್ಳಿ ಔಷಧಿ ಅಂದರೆ ಮೂಗು ಮುರಿಯುವ ಜನ ಅವರು, ಸೊಪ್ಪಿನ ಮಾತೇ ಎತ್ತಿರಲಿಲ್ಲ. ಬರೀ ಇಂಗ್ಲಿಷ್ ಔಷಧಿ, ಇಂಜೆಕ್ಷನ್ನು. ತಿನ್ನಲು ಮೊದಲಿಂದ ಕೊನೆಯವರೆಗೂ ಅಣ್ಣಯ್ಯನ ಬಿಸ್ಕತ್ತು.

ಗೇಟು ದಾಟಿ ರಸ್ತೆಗೆ ಬಂದು ನಿಂತುಬಿಟ್ಟೆ. ಸೊಪ್ಪು ಕುಡಿದು ಬಿಸ್ಕತ್ತು ಬಿಟ್ಟದ್ದು ಬದುಕಿತ್ತು. ಸೊಪ್ಪು ಮುಟ್ಟದೆ ಬಿಸ್ಕತ್ತು ತಿಂದದ್ದು ಸತ್ತಿತ್ತು. ಅಮ್ಮನ ಸೊಪ್ಪಿನದು ಏನೂ ತಪ್ಪಿರಲಿಲ್ಲ. ಕಾಯಿಲೆ ಬಂದ ನಾಯಿಗೆ ಬೇರೆಲ್ಲ ಊಟ ಬಿಡಿಸಿ, ಕಾಯಿಲೆ ತಂದ ವಸ್ತುವನ್ನೇ ಪಥ್ಯ ಅಂತ ಹೊತ್ತು ಹೊತ್ತಿಗೂ ತಿನ್ನಿಸಿದ್ದೇ ತಪ್ಪಾಗಿತ್ತು. ಉಪ್ಪಿಲ್ಲ ಅನ್ನುವ ಒಂದೇ ಒಂದು ಗುಣಕ್ಕೆ. ಬೇರೆ ಯಾವ ಸೀಮೆಯವರಾದರೂ ಕಾಯಿಲೆ ನಾಯಿಗೆ ಇಷ್ಟು ಶ್ರದ್ಧೆಯಿಂದ ಪಥ್ಯ ಮಾಡಿಸುತ್ತಿದ್ದರೋ ಇಲ್ಲವೋ, ನಾವು ಮಾಡಿಸಿದೆವು.

ಅಲ್ಲಿಂದ ನೇರವಾಗಿ ಅಂಗಡಿಗೆ ಹೋದೆ. ಅಣ್ಣಯ್ಯನನ್ನು ಮಾತಾಡಿಸದೆ ಹಿಂದಿನ ಗೋಡೌನಿಗೆ ನುಗ್ಗಿದೆ. ತಗಡು ಸೋರಿ ಗೋಡೆಯೆಲ್ಲ ನೀರಿನ ಕಲೆ. ಮೂಲೆಯ ಗೋಣಿಚೀಲ ಬಿಚ್ಚಿದರೆ ಹಿಂಡಿಯ ಮೇಲೆ ಹಸಿರು ಬೂಷ್ಟು, ಮೂಗು ಮುಚ್ಚಿಕೊಳ್ಳುವಂಥ ಮುಗ್ಗಲು ವಾಸನೆ. ಅವನು ಹಿಂದೆಯೇ ಬಂದು ನಿಂತಿದ್ದ.

“ಇದನ್ನ ಹಸುಗೆ ಯಾಕೆ ಮಾರ್ಲಿಲ್ಲ ಅಣ್ಣಯ್ಯ?” ಅಂದೆ.

“ಹಸು ಮೂಸಿ ಬಿಟ್ಬುಡುತ್ತೆ ಕಣೇ. ಈ ಸಲ ಕಾಯೆಲ್ಲ ಮಳೇಲಿ ನೆಂದಿತ್ತು, ಒಳ್ಳೆ ಹಿಂಡಿ ಎಲ್ಲಿತ್ತು? ಬೆಲ್ಲ, ಮೀನು ಬಿದ್ರೆ ನಾಯಿ ತಿನ್ನುತ್ತೆ. ಭಟ್ಟೀಲಿ ಬೆಂದ್ಮೇಲೆ ಏನಿರುತ್ತೆ ಅದ್ರಲ್ಲಿ?”

“ಬೆಂದ್ರೂ ವಿಷ ಹೋಗಲ್ಲ ಅಂತಾರೆ ಡಾಕ್ಟ್ರು.”

ಅವನು ಚೀಲದ ಬಾಯಿ ಕಟ್ಟತೊಡಗಿದ. “ಬಿಸ್ಕತ್ತು ನಿಲ್ಲುಸ್ತೀನಿ, ಬುಡು” ಅಂದ.

“ಅಮ್ಮನ ಮುಂದೆ ಬಂದು ಹೇಳು.”

“ಆಗಲ್ಲ ಕಣೇ. ಊರಿನ ಬಾಯಿಗೆ ಬಿದ್ರೆ ನಾಳೆ ಹಸುಗೂ ನನ್ನ ಹಿಂಡಿ ಒಬ್ಬರೂ ಕೊಳ್ಳಲ್ಲ. ಅಮ್ಮನಿಗೇನು, ನಾಲ್ಕು ದಿನ ಬೇಜಾರು ಮಾಡ್ಕೊತಾಳೆ, ಮರೀತಾಳೆ.”

ಆ ದಿನ ನಾನು ಆಡಿದ ಮಾತುಗಳನ್ನು ಬರೆಯುವುದಿಲ್ಲ. ಶಿರಾ ಗೇಟಿನಲ್ಲಿ ಅಷ್ಟು ಲಾರಿ ಸದ್ದಿದ್ದರೂ ಬೇಕರಿಯವರು ಹೊರಗೆ ಬಂದು ನೋಡಿದರು. ಬಿಸ್ಕತ್ತು ನಿಂತಿತು, ನರಿಯಂಥ ನಾಯಿಯ ಚಿತ್ರವೂ ಅಂಗಡಿಯ ಬೋರ್ಡಿನಿಂದ ಹೋಯಿತು. ಅವನ ಬಾಯಿ ಮಾತ್ರ ತೆರೆಯಲಿಲ್ಲ. ಅಷ್ಟು ಮಾತುಗಾರನ ಬಾಯಿ ಅದು.

ಅವನು ಹೇಳದಿದ್ದರೆ ನಾನೇ ಹೇಳುತ್ತೇನೆ ಅಂತ ಊರಿಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಹಾಲಿನ ಹೆಂಗಸಿನ ನಾಯಿ, ಇಂಜಿನಿಯರ ನಾಯಿ, ಗೋಡೌನಿನ ಹಿಂಡಿ, ಎಲ್ಲ ಬಿಡಿಸಿ ಹೇಳಿದೆ. ಸೊಪ್ಪಿನದು ತಪ್ಪಿಲ್ಲಮ್ಮ ಅಂದಾಗ ಅವಳ ಮುಖ ಅರಳುತ್ತೆ ಅಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟು, “ಹಂಗಾದ್ರೆ ಅದು ಆ ಮುದ್ದೆ ತಿಂದಿದ್ರೆ ಉಳ್ಕೊಳ್ತಿತ್ತೇನೋ” ಅಂದಳು. “ಬಿಸ್ಕತ್ತು ಅವನ್ದು. ಪಥ್ಯ ನಂದಲ್ವಾ ಮಗ? ಬಾಯಿಂದ ಕಿತ್ತೋಳು ನಾನಲ್ವಾ?” ಅಂದು ಮತ್ತೆ ಮೊರ ಎತ್ತಿಕೊಂಡಳು. ಅವಳನ್ನು ಬಿಡಿಸಲು ಹೋಗಿ ನಾನು ಇನ್ನೂ ಆಳಕ್ಕೆ ತಳ್ಳಿದ್ದೆ. ನಿಜ ಹೇಳಿದರೆ ಎಲ್ಲ ಸರಿಯಾಗುತ್ತೆ ಅಂತ ನಂಬುವ ಟೀಚರು ಬುದ್ಧಿಯ ಮೇಲೆ ನನಗೆ ಅವತ್ತಿನಿಂದ ಅಷ್ಟು ನಂಬಿಕೆ ಇಲ್ಲ.

ಅವಳು ಮತ್ತೆ ಸೊಪ್ಪು ಕೊಡಲಿಲ್ಲ. ದೂರದಿಂದ ಬಂದವರು ಜಗಲಿಯಲ್ಲಿ ಕೂತು ಬೇಡಿಕೊಂಡರೂ, “ನನ್ನ ಕೈಗುಣ ಹೋಯ್ತು, ಆಸ್ಪತ್ರೆಗೆ ತೋರ್ಸಿ” ಅಂದು ಒಳಗೆ ಹೋಗುತ್ತಿದ್ದಳು. ಕಂಡಕ್ಟರುಗಳೂ ಮೆಲ್ಲಗೆ ಮರೆತರು. ಬದುವಿನಲ್ಲಿ ನೆಲನೆಲ್ಲಿ ಕೀಳುವವರಿಲ್ಲದೆ ಹುಲುಸಾಗಿ ಬೆಳೆಯಿತು. ನಾನು ಅಣ್ಣಯ್ಯನ ಜೊತೆ ಹಬ್ಬಹುಣ್ಣಿಮೆಗೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಅವನಿಗೇ ಕಾಮಾಲೆ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಬಾಟಲಿ ಹಾಕಿಸಿಕೊಂಡು, ಅರ್ಧ ಇಳಿದುಹೋಗಿ ಊರಿಗೆ ಬಂದ. ನಾನು ನೋಡಲು ಹೋದಾಗ ಅಪ್ಪನ ಕಂಬಕ್ಕೆ ಒರಗಿ ಕೂತಿದ್ದ. ಕಣ್ಣು ಆ ನಾಯಿಯ ಕಣ್ಣಿನ ಹಾಗೇ ಇತ್ತು. ನನಗೆ ಅಯ್ಯೋ ಅನ್ನಿಸಿತು, ಕೋಪವೂ ಬಂತು, ಎರಡೂ ಒಟ್ಟೊಟ್ಟಿಗೆ.

“ಅಮ್ಮ, ಸೊಪ್ಪು ಅರ್ದು ಕೊಡು” ಅಂದ.

“ಬಿಟ್ಟು ಕಾಲ ಆಯ್ತು ಕಣಪ್ಪ” ಅಂದಳು ಅಮ್ಮ.

ಅವನು ಅಂಗಳ ನೋಡುತ್ತಾ, “ನಾಯಿಗಳು ಸತ್ತಿದ್ದು ನಿನ್ನ ಸೊಪ್ಪಿಂದ ಅಲ್ಲಮ್ಮ. ಅವತ್ತು ಅಂಗಡಿ ಮೆಟ್ಲ ಮೇಲೆ ನಿಂತ್ಕೊಂಡು ಹೇಳ್ದಾಗ್ಲೇ ನಂಗೆ ಗೊತ್ತಿತ್ತು” ಅಂದ. ನಾನು ಬಾಗಿಲಲ್ಲಿ ನಿಂತಿದ್ದೆ. ತಿಳಿಯದೆ ಆಡಿದ್ದ ಅಂತ ಇಷ್ಟು ವರ್ಷ ಒಳಗೊಳಗೇ ಅವನಿಗೆ ಕೊಟ್ಟಿದ್ದ ಒಂದು ಚೂರು ಮಾಫಿಯೂ ಆಗ ಹೋಯಿತು.

ಅಮ್ಮ ಎದ್ದು ತೋಟದ ಕಡೆ ಹೋದಳು. ಮಾರನೆಯ ಬೆಳಗ್ಗೆ ಒರಳುಕಲ್ಲಿನ ಸದ್ದು ಕೇಳಿ ನನಗೆ ಎಚ್ಚರವಾಯಿತು. ಲೋಟ ಹಿಡಿದು ಬಂದವಳು ಅವನ ಎದುರಿಗೆ ನಿಂತು, ಮೊದಲು ತಾನೇ ಒಂದು ಗುಟುಕು ಕುಡಿದಳು, ಆಮೇಲೆ ಅವನಿಗೆ ಕೊಟ್ಟಳು. ಅವನು ಅವಳ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡು ಕುಡಿದ.

ಮಧ್ಯಾಹ್ನ ಎಲ್ಲರ ಸಾಲಿನಲ್ಲೇ ಅವನಿಗೂ ತಟ್ಟೆ ಹಾಕಿದಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಅವನು ತಟ್ಟೆ ಮುಟ್ಟದೆ ಕೂತ. “ಉಪ್ಪು ಹಾಕಿದ್ಯಲ್ಲಮ್ಮ. ನಂಗೆ ಪಥ್ಯ ಅಲ್ವಾ?” ಅಂದ.

“ತಿನ್ನು” ಅಂದಳು ಅಮ್ಮ. “ಇನ್ಯಾರ ಬಾಯಿಂದ್ಲೂ ನಾನು ಮುದ್ದೆ ಕೀಳಲ್ಲ.”